ಹೊಗೆ ಕಂಡರೆ ತಿರುಪು ಬಿಗಿಯುವವರು

ಆ ಗಾಡಿಯನ್ನು ಪುಣೆಯಿಂದ ತಂದ ದಿನ ವಿಜಯಪುರದ ಜೋರಾಪುರ ಪೇಟೆಯ ನಮ್ಮ ಓಣಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಯಾರಿಗೆ ತಂದೀರಿ? ನನಗೇ ಅಂದರೆ ನಂಬುವವರಿರಲಿಲ್ಲ. ನಲವತ್ತು ದಾಟಿದ, ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಹೆಂಗಸು ತನಗಾಗಿ ಒಂದು ಆಟದ ಟ್ರಕ್ಕು ಕೊಳ್ಳುತ್ತಾಳೆಂಬುದು ಅವರ ತಲೆಯೊಳಗೆ ಇಳಿಯುವ ಸಂಗತಿಯಲ್ಲ. ಎದುರು ಮನೆಯಾಕೆ ತಮ್ಮನ ಮಗನಿಗಿರಬೇಕೆಂದು ತಾನೇ ಉತ್ತರ ಹೊಂದಿಸಿಕೊಂಡು ಒಳಗೆ ಹೋದಳು. ನಾನು ತಿದ್ದಲಿಲ್ಲ. ತಿದ್ದುವುದು ನನ್ನ ನೌಕರಿ, ಸಂಬಳವಿಲ್ಲದ ಕಡೆ ಅದನ್ನು ಮಾಡುವುದಿಲ್ಲ.

ಅಂಥ ಗಾಡಿಯನ್ನು ನಾನು ಮೊದಲು ಕಂಡದ್ದು ಪುಣೆಯಲ್ಲಿ, ಚಿಕ್ಕಮ್ಮನ ಮನೆಯ ಹಿಂದಿನ ಬಯಲಿನಲ್ಲಿ. ಮೊಳದುದ್ದದ ಟ್ರಕ್ಕು, ರಿಮೋಟಿನಿಂದ ಓಡುವಂಥದು. ಆದರೆ ಒಳಗೆ ಬ್ಯಾಟರಿಯ ಮೋಟರಿನ ಬದಲು ನಿಜವಾದ ಎಂಜಿನ್, ಲಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಅದು ಕುಡಿಯುವುದು ಪೆಟ್ರೋಲ್ ಅಲ್ಲ. ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆ ಬೆರೆಸಿದ ಇಂಧನ. ಅದರ ಕಿರುಚು ದನಿ, ಸುಟ್ಟ ಹರಳೆಣ್ಣೆಯಂಥ ವಾಸನೆ, ಹಿಂದೆ ಎಳೆಯುವ ನೀಲಿ ಹೊಗೆ. ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ದಹನಕ್ರಿಯೆಯ ಸಮೀಕರಣ ಬರೆದಿದ್ದೇನೆ. ದಹನಕ್ರಿಯೆ ಕುಣಿಯುವುದನ್ನು ನೋಡಿದ್ದು ಅಂದೇ. ವರ್ಷದೊಳಗೆ ಅಂಥದೊಂದನ್ನು ಕೊಂಡೆ.

ನನ್ನ ಗಂಡ ಬೇಡ ಅನ್ನಲಿಲ್ಲ. ಅವರು ಯಾವುದಕ್ಕೂ ಬೇಡ ಅನ್ನುವವರಲ್ಲ, ಬೇಕು ಅನ್ನುವವರೂ ಅಲ್ಲ. ಎದುರಿಗೆ ಯಾರು ನಿಂತಿರುತ್ತಾರೋ ಅವರ ಮಾತಿಗೆ ಹೌದು ಅನ್ನುತ್ತಾರೆ. ಇದನ್ನು ನಮ್ಮ ಬೀಗರೆಲ್ಲ ಒಳ್ಳೆಯತನ ಎಂದು ಕರೆಯುತ್ತಾರೆ.

ಮೊದಲ ರವಿವಾರ ಗಾಡಿಯನ್ನು ಮಾಳಿಗೆಗೆ ಒಯ್ದು, ಇಂಧನ ತುಂಬಿ, ಹಗ್ಗ ಎಳೆದೆ. ಈ ಎಂಜಿನ್ನಿಗೆ ಹಳೆಯ ಡೀಸೆಲ್ ಪಂಪಿನ ಹಾಗೆ ಎಳೆಯುವ ಹಗ್ಗವಿದೆ, ಗೇಣುದ್ದದ್ದು. ಎಳೆದೆ, ಎಳೆದೆ, ರಟ್ಟೆ ಬಿದ್ದುಹೋಗುವವರೆಗೆ ಎಳೆದೆ. ಅದು ಕೆಮ್ಮಲೂ ಇಲ್ಲ. ಅಷ್ಟರಲ್ಲಿ ಅಕ್ಕಪಕ್ಕದ ಮಾಳಿಗೆಗಳ ಮೇಲೆ ಜನ ಸೇರಿದ್ದರು. ನಮ್ಮ ಓಣಿಯಲ್ಲಿ ಒಬ್ಬರು ಬಿದ್ದು ಕಾಲು ಮುರಿದುಕೊಂಡರೆ ಎತ್ತಲು ಜನ ಸಿಗುವುದಿಲ್ಲ. ಕೆಟ್ಟ ಎಂಜಿನ್ ಮುಂದೆ ಮಾತ್ರ ಎಲ್ಲರೂ ಹಾಜರು. ನಿವೃತ್ತ ಗುಮಾಸ್ತರೊಬ್ಬರು ಚೋಕ್ ಎಳೆಯಿರಿ ಅಂದರು. ಇದಕ್ಕೆ ಚೋಕ್ ಇಲ್ಲ ಅಂದರೆ, ಹಾಗಾದರೆ ಅದೇ ಕಾರಣ ಅಂದರು. ಕೆಳಗಿನ ಕಿರಾಣಿ ಅಂಗಡಿಯವನು ನಾಲ್ಕು ಹನಿ ಪೆಟ್ರೋಲ್ ಹಾಕಿದರೆ ಹೊತ್ತುತ್ತದೆಂದು ಪ್ರಮಾಣ ಮಾಡಿದ. ಇವರೆಲ್ಲರ ಸ್ಕೂಟರುಗಳೂ ತಿಂಗಳಿಗೊಮ್ಮೆ ತಳ್ಳಿಸಿಕೊಂಡೇ ಗ್ಯಾರೇಜಿಗೆ ಹೋಗುತ್ತವೆ ಎಂಬುದು ನನಗೆ ಗೊತ್ತಿತ್ತು.

ತಪ್ಪು ಏನಿತ್ತೆಂದರೆ, ಈ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಅದರ ಬದಲು ಗ್ಲೋ ಪ್ಲಗ್ ಎಂಬ ಪುಟ್ಟ ತಿರುಪು, ಅದರ ತುದಿಯಲ್ಲಿ ಸುರುಳಿ ತಂತಿ. ತಂತಿ ಕೆಂಪಗೆ ಕಾದರೆ ಮಾತ್ರ ಇಂಧನ ಹೊತ್ತುತ್ತದೆ. ಕಾಯಿಸಲು ಮೇಲಿನಿಂದ ಸಿಕ್ಕಿಸುವ ಬ್ಯಾಟರಿ ಕಡ್ಡಿಯೊಂದನ್ನು ಕೊಟ್ಟಿರುತ್ತಾರೆ. ಆ ಕಡ್ಡಿಯನ್ನು ನಾನು ಚಾರ್ಜೇ ಮಾಡಿರಲಿಲ್ಲ. ಮೆಥನಾಲು ಯಾವ ಉಷ್ಣತೆಗೆ ಹೊತ್ತುತ್ತದೆಂದು ಬಾಯಿಪಾಠ ಹೇಳುವ ನಾನು, ಉಷ್ಣತೆಯೇ ಇಲ್ಲದೆ ಅದನ್ನು ಹೊತ್ತಿಸಲು ಅರ್ಧ ದಿನ ಹಗ್ಗ ಎಳೆದಿದ್ದೆ.

ಚಾರ್ಜು ಮಾಡಿದ ಮೇಲೆ ಹೊಸ ತೊಂದರೆ. ಹಗ್ಗವೇ ಬರಲೊಲ್ಲದು, ಗಟ್ಟಿಯಾಗಿ ಸಿಕ್ಕಿಕೊಂಡಿದೆ. ಅಷ್ಟು ಹೊತ್ತು ಎಳೆದೆಳೆದು ಎಂಜಿನ್ ಒಳಗೆ ಇಂಧನ ತುಂಬಿಬಿಟ್ಟಿದ್ದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಇದನ್ನು ಒಂಬತ್ತನೇ ಇಯತ್ತೆಯ ಹುಡುಗರೂ ಹೇಳುತ್ತಾರೆ. ಪ್ಲಗ್ ಬಿಚ್ಚಿ, ಗಾಡಿ ಬೋರಲು ಮಾಡಿ ಹಗ್ಗ ಎಳೆದಾಗ ಇಂಧನವೆಲ್ಲ ಚಿಲ್ಲನೆ ಹಾರಿ ನನ್ನ ಕುಪ್ಪಸ, ಕತ್ತು, ಕೆನ್ನೆಗೆ ಬಿತ್ತು. ಕನ್ನಡಕವಿದ್ದದ್ದಕ್ಕೆ ಕಣ್ಣು ಉಳಿಯಿತು. ಮತ್ತೆ ಪ್ಲಗ್ ಕೂಡಿಸಿ, ಕಡ್ಡಿ ಸಿಕ್ಕಿಸಿ, ಎಳೆದೆ. ಎರಡನೇ ಎಳೆತಕ್ಕೆ ಅದು ಹೊತ್ತಿಕೊಂಡು ಇಡೀ ಪೇಟೆಗೆ ಕೇಳುವಂತೆ ಅರಚಿತು. ಸಂತೋಷಕ್ಕೆ ನಾನು ಅದನ್ನು ಇನ್ನೊಮ್ಮೆ ಅರಚಿಸಿದೆ. ಮಾಳಿಗೆಗಳ ಮೇಲಿನ ಮಂದಿ ಈಗ ಕಿವಿ ಮುಚ್ಚಿಕೊಂಡು, ಇಲ್ಲಿ ಇದನ್ನೆಲ್ಲ ಮಾಡಬಾರದು, ಮನೆಯಲ್ಲಿ ವಯಸ್ಸಾದವರಿರುತ್ತಾರೆ ಎಂದು ಬೇರೆ ಬೋಧನೆ ಶುರು ಮಾಡಿದರು. ಚೋಕಿನ ಗುಮಾಸ್ತರೇ ಎಲ್ಲರಿಗಿಂತ ಜೋರು.

ಅಂದಿನಿಂದ ಭೂತನಾಳ ಕೆರೆಯ ಆಚೆಯ ಗಟ್ಟಿ ನೆಲಕ್ಕೆ ಹೋಗತೊಡಗಿದೆ. ಸ್ಕೂಟರಿನ ಮುಂದೆ ಗಾಡಿ, ಡಿಕ್ಕಿಯಲ್ಲಿ ಇಂಧನದ ಡಬ್ಬಿ. ಹೊಸ ಎಂಜಿನ್ನನ್ನು ಪಳಗಿಸಬೇಕು. ಮೊದಲ ಕೆಲವು ಟ್ಯಾಂಕು ಇಂಧನವನ್ನು ಅದಕ್ಕೆ ಬೇಕಾದ್ದಕ್ಕಿಂತ ಹೆಚ್ಚಾಗಿ ಕುಡಿಸುತ್ತ, ನಿಧಾನ ಓಡಿಸುತ್ತ, ನಡುನಡುವೆ ಆರಿಸಿ ತಣ್ಣಗಾಗಲು ಬಿಡುತ್ತ, ಪಿಸ್ಟನ್ನು ಮತ್ತು ಅದರ ಕೊಳವೆ ಒಂದಕ್ಕೊಂದು ಹೊಂದುವವರೆಗೆ ಕಾಯಬೇಕು. ಇಂಧನ ಎಷ್ಟು ಹೋಗಬೇಕೆಂದು ನಿರ್ಧರಿಸುವುದು ಒಂದು ತಿರುಪು. ಸಡಿಲಿಸಿದರೆ ಇಂಧನ ಹೆಚ್ಚು, ಎಣ್ಣೆ ಹೆಚ್ಚು, ಹೊಗೆ ಹೆಚ್ಚು, ವೇಗ ಕಡಿಮೆ. ಬಿಗಿದರೆ ಹೊಗೆ ಮಾಯ, ವೇಗ ಬಲು ಸೊಗಸು, ಎಣ್ಣೆ ಸಾಲದೆ ಎಂಜಿನ್ ಒಳಗೊಳಗೇ ಬೇಯುತ್ತದೆ. ತಿಳಿಯಬೇಕಾದ್ದು ಇಷ್ಟೇ. ಇಷ್ಟನ್ನು ತಾಳ್ಮೆಯಿಂದ ಕೇಳಿದ ಮನುಷ್ಯನನ್ನು ನಾನು ಆ ತನಕ ಕಂಡಿರಲಿಲ್ಲ. ಕೆರೆಯ ಕಡೆ ವಾಕಿಂಗಿಗೆ ಬಂದವರೆಲ್ಲ ನಿಂತು, ಹೊಗೆ ನೋಡಿ, ಎಂಜಿನ್ ಹೋಗಿದೆ ಎಂದು ತೀರ್ಪು ಕೊಟ್ಟು ಮುಂದೆ ಹೋಗುತ್ತಿದ್ದರು. ಮೊಬೈಲಿನ ವಿಡಿಯೋಗಳಲ್ಲಿ ಕಲಿಸುವ ಪಂಡಿತರೂ ಅಷ್ಟೇ. ಹತ್ತು ನಿಮಿಷ ತಮ್ಮ ಟೊಪ್ಪಿಗೆ ತೋರಿಸಿ, ಬೇಕಾದ ಮಾತಿನ ಹೊತ್ತಿಗೆ ಹಾಡು ಹಾಕಿಬಿಡುತ್ತಾರೆ.

ಆ ವಾರಗಳಲ್ಲಿ ನನಗಾದ ಪಾಠಗಳು ಯಾವ ಕ್ರಮದಲ್ಲೂ ಬರಲಿಲ್ಲ. ಒಂದು ಸಂಜೆ ಹಿಂದಿನ ಚಕ್ರ ಕಳಚಿ ಗಾಡಿಗಿಂತ ಮುಂದೆ ಓಡಿತು. ಎಂಜಿನ್ನಿನ ನಡುಕಕ್ಕೆ ತಿರುಪುಗಳೆಲ್ಲ ತಾವೇ ಬಿಚ್ಚಿಕೊಳ್ಳುತ್ತವೆ, ಅವಕ್ಕೆ ಅಂಟು ಹಾಕಬೇಕು ಎಂದು ಆಗ ತಿಳಿಯಿತು. ಗಾಳಿ ಸೋಸುವ ಸ್ಪಂಜಿಗೆ ಎಣ್ಣೆ ಹಚ್ಚದಿದ್ದರೆ ನಮ್ಮೂರ ಧೂಳು ನೇರ ಒಳಗಿಳಿಯುತ್ತದೆ ಎಂಬುದು, ಪುಣ್ಯಕ್ಕೆ, ಹಾಳಾಗುವ ಮೊದಲೇ ತಿಳಿಯಿತು. ಎಂಜಿನ್ ಎಷ್ಟು ಕಾದಿದೆ ಎಂದು ನೋಡಲು ಅದರ ತಲೆಯ ಮೇಲೆ ಒಂದು ಹನಿ ನೀರು ಬಿಡುತ್ತಿದ್ದೆ. ಹನಿ ಮೆಲ್ಲಗೆ ಕುದ್ದು ಆರಿದರೆ ಸರಿ. ಚಿಟ್ಟನೆ ಸಿಡಿದರೆ ತಿರುಪು ಸಡಿಲಿಸಬೇಕು. ದೋಸೆ ಹಂಚಿಗೆ ನೀರು ಚಿಮುಕಿಸಿದ ಯಾರಿಗಾದರೂ ಬರುವ ವಿದ್ಯೆ ಇದು. ಗಾಡಿ ಹೊಗೆ ಉಗುಳುತ್ತ, ತೂಕಡಿಸುತ್ತ ಓಡುತ್ತಿತ್ತು. ಪಳಗುವುದು ಇನ್ನೂ ಸ್ವಲ್ಪ ಬಾಕಿಯಿತ್ತು. ಅಷ್ಟರಲ್ಲಿ ಟಿಕೋಟಾದಿಂದ ಅಕ್ಕನ ಫೋನು ಬಂತು, ಊಟಕ್ಕೆ ಬರ್ರಿ, ಆ ಗಾಡಿನೂ ತಗೊಂಡು ಬಾ ಅಂತ.

ಅಕ್ಕನ ಗಂಡನ ಬಗ್ಗೆ, ಅಂದರೆ ನಮ್ಮ ಮಾಮಾನ ಬಗ್ಗೆ ಹೇಳಬೇಕು. ಟಿಕೋಟಾದಲ್ಲಿ ಅವರದು ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್ಡು. ಅನುಕೂಲಸ್ಥರು. ಅವರಿಗೆ ಗೊತ್ತಿಲ್ಲದ್ದು ಎಂಬುದು ಜಗತ್ತಿನಲ್ಲಿ ಇಲ್ಲ. ಡಾಕ್ಟರಿಗೆ ಔಷಧಿ ಹೇಳುತ್ತಾರೆ, ವಕೀಲರಿಗೆ ಕಾನೂನು ಹೇಳುತ್ತಾರೆ, ಅಕ್ಕನಿಗೆ ಹೆರಿಗೆಯ ನೋವು ಹೇಗಿರುತ್ತದೆಂದು ಹೇಳಿದವರು. ಒಮ್ಮೆ ಎಂದೋ ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿದ್ದರಂತೆ. ಅದನ್ನು ಕೂಡಿಸಿದ್ದು ವಿಜಯಪುರದ ಮಿಸ್ತ್ರಿ. ಈ ಎರಡನೆಯ ಭಾಗವನ್ನು ಅವರು ಹೇಳುವುದಿಲ್ಲ, ಅಕ್ಕ ಹೇಳುತ್ತಾಳೆ.

ಶೆಡ್ಡಿನ ಮುಂದಿನ ಅಂಗಳದಲ್ಲಿ ನಾನು ಗಾಡಿ ಚಾಲೂ ಮಾಡಿ ಒಂದು ಸುತ್ತು ಓಡಿಸಿ ತೋರಿಸಿದೆ. ಮಾಮಾ ಕೈಕಟ್ಟಿ ನಿಂತು ಹೊಗೆ ನೋಡಿ ತಲೆಯಾಡಿಸಿದರು. ನಾನು ಆರಿಸಿ, ಯಾರೂ ಮುಟ್ಟಬಾರದೆಂದು ಗಂಡನಿಗೆ ಹೇಳಿ, ಅಕ್ಕನ ಜೊತೆ ಅಡುಗೆಮನೆಗೆ ಹೋದೆ. ಅವರು ಹೌದು ಅಂದರು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು, ನಾನು ಎಣಗಾಯಿಯ ರುಚಿ ನೋಡುತ್ತಿದ್ದೆ. ಆಗ ಹೊರಗೆ ಎಂಜಿನ್ ಹೊತ್ತಿತು. ದನಿ ಬೇರೆಯಾಗಿತ್ತು. ತೆಳ್ಳಗೆ, ಚೂಪಾಗಿ, ಹಲ್ಲಿನ ವೈದ್ಯರ ಯಂತ್ರದ ಹಾಗೆ.

ಎಂಜಲ ಕೈಯಲ್ಲೇ ಓಡಿ ಹೊರಗೆ ಬಂದೆ. ಗಾಡಿ ಅಂಗಳದ ತುದಿಯಿಂದ ತುದಿಗೆ ಬಾಣದ ಹಾಗೆ ಹೋಗುತ್ತಿತ್ತು. ಹೊಗೆಯ ಎಳೆಯೂ ಇಲ್ಲ. ನೋಡಲು ಚೆಂದವಿತ್ತು, ಸುಳ್ಳು ಯಾಕೆ ಹೇಳಲಿ. ರಿಮೋಟು ಮಾಮಾನ ಕೈಯಲ್ಲಿ.

"ಹೊಗಿ ಭಾಳ ಬರಾಕತ್ತಿತ್ತು. ತಿರುಪು ಬಿಗಿ ಮಾಡೀನಿ," ಅಂದರು. "ಈಗ ನೋಡು, ಹೆಂಗ ಓಡಾಕತ್ತದ."

"ನಿಲ್ಲಸ್ರಿ ಮಾಮಾ. ಸುಟ್ಟ ಹೋಗ್ತದ."

"ಟ್ರ್ಯಾಕ್ಟರ್ ಬಿಚ್ಚಿದಾಂವ ನಾ. ನೀ ಸಾಲ್ಯಾಗ ಹೇಳು, ಇಲ್ಲೆ ಬ್ಯಾಡ."

ನಾನು ರಿಮೋಟಿಗೆ ಕೈಹಾಕಿದೆ, ಅವರು ಮಗ್ಗುಲಿಗೆ ತಿರುಗಿ ತಪ್ಪಿಸಿದರು. ಅಷ್ಟರಲ್ಲಿ ಅಂಗಳದ ನಡುವೆ ಕೀರ್ ಎಂದು ಒಂದು ಸಣ್ಣ ಸದ್ದಾಗಿ ಗಾಡಿ ನಿಂತಿತು. ಹಿಂದಿನ ಎರಡೂ ಚಕ್ರ ಜಾರಿ ಮಣ್ಣಿನಲ್ಲಿ ಗೀರು ಬಿದ್ದಿತ್ತು. ಹತ್ತಿರ ಹೋದರೆ ಮುಖಕ್ಕೆ ಹಬೆ ಹೊಡೆದಂತಾಯಿತು. ಹಗ್ಗ ಅಲ್ಲಾಡಲಿಲ್ಲ. ಪಿಸ್ಟನ್ ಕೊಳವೆಯೊಳಗೆ ಕಚ್ಚಿಕೊಂಡಿತ್ತು.

ಮಾಮಾ ಬಂದು ಬಗ್ಗಿ ನೋಡಿ, ಮಾಲು ಸರಿಯಿಲ್ಲ, ಚೀನಾದ್ದಿರಬೇಕು ಅಂದರು. ನನ್ನ ಗಂಡ ಹೌದ್ರಿ, ಚೀನಾದ್ದೇ ಇರಬೇಕು ಅಂದರು. ಆಮೇಲೆ ಇಬ್ಬರೂ ಕೈತೊಳೆದು ಊಟಕ್ಕೆ ಕುಳಿತರು, ಎರಡೆರಡು ರೊಟ್ಟಿ ಹೆಚ್ಚೇ ಹಾಕಿಸಿಕೊಂಡರು. ಕ್ಷಮೆಯ ಮಾತು ಆ ಮನೆಯಲ್ಲಿ ಗಂಡಸರ ಬಾಯಿಂದ ಹೊರಟ ದಾಖಲೆಯಿಲ್ಲ. ನಾನು ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ಅಕ್ಕನ ಮುಂದೆ ನಿಂತು, ಆ ಮನುಷ್ಯನ ಬಗ್ಗೆ ಬಾಯಿಗೆ ಬಂದದ್ದೆಲ್ಲ ಅಂದೆ. ತಿರುಪು ಎಂದರೇನು, ಎಣ್ಣೆ ಎಂದರೇನು, ಅಜ್ಞಾನ ಎಂದರೇನು ಎಂದು ಪೂರ್ತಿ ಒಂದು ಪಿರಿಯಡ್ಡಿನಷ್ಟು ಹೇಳಿದೆ. ಅಕ್ಕ ತಾಟು ಒರೆಸುತ್ತ ಎಲ್ಲ ಕೇಳಿಸಿಕೊಂಡಳು.

"ನೀ ಮಾತಾಡೂದೂ ಅವರು ಮಾತಾಡೂದೂ ನನಗ ಒಂದಽ ನಮೂನಿ ಕೇಳಸ್ತದ," ಅಂದಳು.

ಅದು ನನಗೆ ಹಿಡಿಸಲಿಲ್ಲ. ನನ್ನ ಮಾತು ಸರಿಯಿತ್ತು, ಅವರದು ತಪ್ಪಿತ್ತು. ಎರಡೂ ಒಂದೇ ಹೇಗಾಗುತ್ತವೆ? ವಿಜಯಪುರಕ್ಕೆ ವಾಪಸು ಬರುವ ದಾರಿಯುದ್ದಕ್ಕೂ ಗಂಡನೊಂದಿಗೆ ಮಾತಾಡಲಿಲ್ಲ. ಅವರು ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ.

ಎಂಜಿನ್ ಬಿಚ್ಚಿದಾಗ ಕೊಳವೆಯ ಒಳಮೈಯೆಲ್ಲ ಬೆಕ್ಕು ಪರಚಿದಂತೆ ಗೀರುಗಳು. ಹೊಸ ಪಿಸ್ಟನ್, ಹೊಸ ಕೊಳವೆ ಪುಣೆಯಿಂದ ತರಿಸಿದೆ. ಅಡುಗೆಮನೆಯ ಕಟ್ಟೆಯ ಮೇಲೆ ಹಳೇ ಪಂಚೆ ಹಾಸಿ, ಒಂದೊಂದೇ ಭಾಗ ಒರೆಸಿ ಕೂಡಿಸಿದೆ. ಕೊಳವೆಯ ಮೇಲ್ತುದಿ ಬಿಗಿಯಾಗಿರುವುದರಿಂದ ತಣ್ಣಗಿದ್ದಾಗ ಹಗ್ಗ ಎಳೆದರೆ ಸಿಕ್ಕಿಕೊಳ್ಳುತ್ತದೆ. ಕೂದಲು ಒಣಗಿಸುವ ಯಂತ್ರದಿಂದ ಮೊದಲು ಬೆಚ್ಚಗೆ ಮಾಡಿಕೊಂಡೆ, ಸಲೀಸಾಗಿ ಹೊತ್ತಿತು. ಮತ್ತೆ ಮೊದಲಿನಿಂದ ಪಳಗಿಸಿದೆ. ಈ ಸಲ ಅವಸರವಿರಲಿಲ್ಲ. ಆರಿಸಿದ ಮೇಲೆ ಪಿಸ್ಟನ್ನನ್ನು ಕೆಳಗಿನ ತುದಿಗೆ ಇಳಿಸಿ ಬಿಡಬೇಕು, ಮೇಲೆಯೇ ಬಿಟ್ಟರೆ ತಣ್ಣಗಾಗುವಾಗ ಕೊಳವೆ ಅದನ್ನು ಕಚ್ಚಿ ಹಿಡಿಯುತ್ತದೆ. ಮನೆಗೆ ಬಂದ ಮೇಲೆ ಉಳಿದ ಇಂಧನವನ್ನೆಲ್ಲ ಸುಟ್ಟು ಒಳಗೆ ಎರಡು ಹನಿ ತೆಳು ಎಣ್ಣೆ ಬಿಡಬೇಕು, ಇಲ್ಲದಿದ್ದರೆ ಮೆಥನಾಲು ಗಾಳಿಯ ತೇವ ಎಳೆದುಕೊಂಡು ತುಕ್ಕು ಹಿಡಿಸುತ್ತದೆ. ಇವನ್ನೆಲ್ಲ ಪಾಲಿಸಿದೆ. ಪಳಗಿದ ಮೇಲೆ ತಿರುಪನ್ನು ಕೂದಲೆಳೆ ಕೂದಲೆಳೆಯಾಗಿ ಬಿಗಿದೆ, ಪ್ರತಿಸಲ ಒಂದು ಹನಿ ನೀರು ಬಿಟ್ಟು ನೋಡಿ. ಕೊನೆಗೆ ಒಂದು ಸಂಜೆ ಅದು ಟಿಕೋಟಾದಲ್ಲಿ ಓಡಿದಷ್ಟೇ ಜೋರಾಗಿ ಓಡಿತು, ಹಿಂದೆ ಸಣ್ಣ ಹೊಗೆಯ ಗೆರೆ ಬಿಡುತ್ತ. ಆ ಸಂಜೆ ನೋಡಲು ಯಾರೂ ಇರಲಿಲ್ಲ. ಒಳ್ಳೆಯದೇ ಆಯಿತು.

ಶ್ರಾವಣ ಮುಗಿದ ಮೇಲೆ ಬಬಲೇಶ್ವರದಲ್ಲಿ ಮಾಮಾನ ತಂಗಿಯ ಮಗಳ ಕುಬಸ. ಏಳು ತಿಂಗಳ ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ಒಳಗೆಲ್ಲ ಹೆಂಗಸರ ಹಾಡು. ನಾನು ಉಡಿ ತುಂಬಿ ಹಿತ್ತಲಿಗೆ ಕೈತೊಳೆಯಲು ಹೋದರೆ ಅಲ್ಲಿ ಗಂಡಸರ ಗುಂಪು. ನಡುವೆ ಮಾಮಾ. ಅವರ ಕಾಲ ಬಳಿ ಒಂದು ಹೊಚ್ಚಹೊಸ ನೈಟ್ರೋ ಟ್ರಕ್ಕು, ನನ್ನದಕ್ಕಿಂತ ದೊಡ್ಡದು. ನನ್ನದು ಚೀನಾ ಮಾಲು ಎಂದವರು ಅದೇ ಪುಣೆಯ ಅದೇ ಅಂಗಡಿಯಿಂದ ತರಿಸಿದ್ದರು. ಅಂಗಡಿಯ ನಂಬರು ಕೊಟ್ಟವರು ಯಾರೆಂದು ನಾನು ಕೇಳುವ ಅಗತ್ಯವಿರಲಿಲ್ಲ. ನನ್ನ ಗಂಡ ಆಕಾಶ ನೋಡುತ್ತಿದ್ದರು.

ಗಾಡಿ ಹೊತ್ತುತ್ತಿರಲಿಲ್ಲ. ಮಾಮಾನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಬೀಗರೆಲ್ಲ ಸುತ್ತ ನಿಂತು ಪೆಟ್ರೋಲು, ಚೋಕು ಎಂದು ಸಲಹೆ ಕೊಡುತ್ತಿದ್ದರು. ನನ್ನನ್ನು ಕಂಡು ಮಾಮಾ, ಆಳಿಗೆ ಹೇಳುವಂತೆ, ಇಲ್ಲೆ ಬಾ, ಇದನ್ನ ಒಂದೀಟು ನೋಡು ಅಂದರು. ದಯವಿಟ್ಟು ಎಂಬ ಮಾತು ಅವರಿಗೆ ಬರುವುದಿಲ್ಲ, ಅದನ್ನು ನಿರೀಕ್ಷಿಸುವ ಮೂರ್ಖತನ ನನಗಿಲ್ಲ. ಹೊಸ ಸೀರೆಯ ಸೆರಗು ಸಿಕ್ಕಿಸಿ ಕುಳಿತೆ. ಎಂಜಿನ್ ತುಂಬ ಇಂಧನ. ಪ್ಲಗ್ ಬಿಚ್ಚಿ, ಗಾಡಿ ಬೋರಲು ಮಾಡಿ, ಅದರ ಬಾಯಿ ಮಾಮಾನ ಕಡೆ ತಿರುಗಿಸಿ ಹಗ್ಗ ಎಳೆದೆ. ಬಿಳಿ ಅಂಗಿಯ ಮೇಲೆ ಗುಲಾಬಿ ಬಣ್ಣದ ಇಂಧನದ ಚಿತ್ತಾರ ಮೂಡಿತು. ಬೇಕೆಂದೇ ಮಾಡಿದ್ದೆ. ಆಮೇಲೆ ಪ್ಲಗ್ ಕೂಡಿಸಿ, ಕಡ್ಡಿ ಸಿಕ್ಕಿಸಿ, ತಿರುಪು ಸಡಿಲಿಸಿ ಎಳೆದೆ, ಹೊತ್ತಿತು. ಹಿತ್ತಲ ತುಂಬ ಹೊಗೆ.

"ನಮ್ಮ ನಾದಿನಿ. ಎಲ್ಲಾ ನಾನಽ ಕಲಿಸೀನಿ ಅಕಿಗಿ," ಎಂದು ಮಾಮಾ ಬೀಗರಿಗೆ ಹೇಳಿದರು.

ನಾನು ಅವರೊಬ್ಬರಿಗೇ ಕೇಳುವಂತೆ, "ಹೊಗಿ ಬರಲಿ ಬಿಡ್ರಿ. ತಿರುಪು ಮುಟ್ಟಬ್ಯಾಡ್ರಿ," ಅಂದು ಒಳಗೆ ಹೋದೆ.

ಪಂಕ್ತಿಯಲ್ಲಿ ಅಕ್ಕನ ಪಕ್ಕ ಕುಳಿತು ಮಾದಲಿಗೆ ಹಾಲು ಹಾಕಿಕೊಳ್ಳುತ್ತಿದ್ದೆ. ಹೊರಗಿನ ದನಿ ತೆಳ್ಳಗಾಗತೊಡಗಿತು. ಚೂಪಾಯಿತು. ನನಗೆ ಗೊತ್ತಾಯಿತು, ಮತ್ತು ಒಂದು ತುತ್ತು ಬಾಯಿಗಿಟ್ಟುಕೊಂಡೆ. ಹೋಗಲಿ, ಸುಡಲಿ, ಎಲ್ಲ ಬೀಗರ ಮುಂದೆ ಕಚ್ಚಿಕೊಂಡು ನಿಲ್ಲಲಿ. ಅಂಥ ಸಿಹಿಯೂಟ ನಾನು ಇತ್ತೀಚೆಗೆ ಉಂಡಿರಲಿಲ್ಲ. ಅಕ್ಕ ನನ್ನ ಮುಖ ನೋಡಿದಳು. ಎಲೆ ಬಿಟ್ಟು ಎದ್ದು ಹೊರಗೆ ಹೋದಳು. ಊಟದ ನಡುವೆ ಎದ್ದಳೆಂದು ಆಚೆಯಾಕೆ ಗೊಣಗಿದಳು. ನಾನೂ ಬಾಗಿಲವರೆಗೆ ಹೋದೆ.

ಮಾಮಾ ಗಾಡಿಯನ್ನು ಬೋರಲು ಹಾಕಿದ ಬುಟ್ಟಿಯ ಮೇಲಿಟ್ಟು, ಚಕ್ರಗಳು ಗಾಳಿಯಲ್ಲಿ ತಿರುಗುವಂತೆ ಮಾಡಿ, ಪೂರ್ತಿ ಎಕ್ಸಿಲರೇಟರ್ ಕೊಟ್ಟು ಜನರಿಗೆ ದನಿ ಕೇಳಿಸುತ್ತಿದ್ದರು. ಅಕ್ಕ ನೇರ ಹೋಗಿ ಬಗ್ಗಿ, ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಸಣ್ಣ ರಬ್ಬರ್ ನಳಿಗೆಯನ್ನು ಎರಡು ಬೆರಳಲ್ಲಿ ಹಿಚುಕಿ ಹಿಡಿದಳು. ಒಂದು ಕ್ಷಣ ದನಿ ಏರಿತು, ಆಮೇಲೆ ಸತ್ತಿತು.

"ಊಟ ಆರಾಕತ್ತದ. ಎಲ್ಲಾರೂ ಒಳಗ ಬರ್ರಿ," ಅಂದಳು.

ಗಂಡನ ಕೈಯಿಂದ ರಿಮೋಟು ತೆಗೆದುಕೊಂಡು, ತನ್ನ ಚೀಲಕ್ಕೆ ಹಾಕಿ, ಬಂದು ಮತ್ತೆ ಎಲೆಯ ಮುಂದೆ ಕುಳಿತಳು. ನಾನು ಬೆರಗಾಗಿ, ಇದು ನಿನಗೆ ಹೇಗೆ ಗೊತ್ತು ಅಂದೆ. ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವಾಗ ಹೊತ್ತು ಹೋಗುವುದಿಲ್ಲ, ಮೊಬೈಲಿನಲ್ಲಿ ನೋಡುತ್ತಿದ್ದೆ ಅಂದಳು. ಅವಳು ನೋಡಿದ್ದು ಅದೇ ಟೊಪ್ಪಿಗೆ ಪಂಡಿತರ ವಿಡಿಯೋಗಳು. ನನಗೆ ಸಿಟ್ಟು ಬಂದದ್ದು ಯಾರ ಮೇಲೆ ಎಂದು ನನಗೇ ಸರಿಯಾಗಿ ತಿಳಿಯಲಿಲ್ಲ. ನಾನು ಮಾದಲಿ ತಿನ್ನುತ್ತ ಕುಳಿತದ್ದನ್ನು ಅವಳು ನೋಡಿದ್ದಳು. ಅದರ ಬಗ್ಗೆ ಅವಳು ಅಂದೂ ಆಡಲಿಲ್ಲ, ಇಂದಿಗೂ ಆಡಿಲ್ಲ.

ರಿಮೋಟು ಮಾಮಾಗೆ ವಾಪಸು ಸಿಗಲಿಲ್ಲ. ಕೆಲಸವಿಲ್ಲದವರ ಚಟ ಅದು, ಹೆಂಡತಿಗೆಂದೇ ತರಿಸಿದ್ದೆ ಎಂದು ಈಗ ಹೇಳಿಕೊಂಡು ತಿರುಗುತ್ತಾರೆ. ಸದ್ಯ ದ್ರಾಕ್ಷಿಗೆ ಔಷಧಿ ಹೊಡೆಯುವ ಡ್ರೋನಿನ ಬಗ್ಗೆ ಊರಿಗೆಲ್ಲ ಪಾಠ ಹೇಳುತ್ತಿದ್ದಾರೆ. ಕನಮಡಿಯ ಕಡೆ ಯಾರದೋ ಡ್ರೋನು ಬಿದ್ದದ್ದನ್ನು ನೋಡಿ ಬಂದಿದ್ದಾರಂತೆ, ಅಷ್ಟು ಸಾಕು ಅವರಿಗೆ.

ಅಕ್ಕ ಕೆಲವು ರವಿವಾರ ಗಾಡಿ ತೆಗೆದುಕೊಂಡು ಬಸ್ಸಿನಲ್ಲಿ ಬರುತ್ತಾಳೆ, ಇಬ್ಬರೂ ಕೆರೆಯ ಆಚೆ ಹೋಗುತ್ತೇವೆ. ಓಡಿಸಲು ಅವಳಿಗೆ ಸುತರಾಂ ಬರುವುದಿಲ್ಲ. ಗಾಡಿ ತನ್ನ ಕಡೆ ಬರುವಾಗ ಎಡಬಲ ಅದಲುಬದಲಾಗುತ್ತದೆ ಎಂಬುದು ತಲೆಗೆ ಹೋಗದೆ ಮೊದಲ ದಿನವೇ ನೇರ ಜಾಲಿಯ ಮುಳ್ಳುಕಂಟಿಯೊಳಗೆ ನುಗ್ಗಿಸಿದಳು. ನಾನು ಬಾಯಿ ತೆರೆದೆ.

"ನೀ ಸುಮ್ಮ ಕೂಡು," ಅಂದಳು. "ಕೇಳಿದಾಗ ಹೇಳು."

ಸೆರಗು ಹರಿಯದಂತೆ ಹಿಡಿದುಕೊಂಡು ಅವಳೇ ಕಂಟಿಯೊಳಗೆ ಕೈಹಾಕಿ ಗಾಡಿ ಎಳೆದಳು. ಮತ್ತೆ ಓಡಿಸಿದಳು, ಮತ್ತೆ ನುಗ್ಗಿಸಿದಳು. ನಾನು ಕಲ್ಲಿನ ಮೇಲೆ ಕುಳಿತು, ಹೇಳಬೇಕಾದ ಮಾತುಗಳನ್ನೆಲ್ಲ ಹಲ್ಲಿನ ಸಂದಿಯಲ್ಲಿ ಹಿಡಿದುಕೊಂಡೆ. ಬಹಳ ಹೊತ್ತಿನ ಮೇಲೆ ಅವಳು ಗಾಡಿ ನಿಲ್ಲಿಸಿ, ತಲೆ ವಾರೆ ಮಾಡಿ, ಇದರ ದನಿ ಯಾಕೆ ಹೀಗಾಯಿತು ಎಂದು ಕೇಳಿದಳು. ಸ್ಪಂಜಿನಲ್ಲಿ ಧೂಳು ತುಂಬಿದೆ, ತೊಳೆದು ಎಣ್ಣೆ ಹಚ್ಚು ಅಂದೆ. ಅದಕ್ಕಿಂತ ಹೆಚ್ಚು ಒಂದು ಮಾತೂ ಆಡಲಿಲ್ಲ. ಅವಳು ಸ್ಪಂಜು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ, ಹೌದು ಅಂದಳು.